ಅಪೆಲ್ಲೀಸನ ಕೀರ್ತಿ

ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಚಿತ್ರಕಾರ ಅಪೆಲ್ಲೀಸನ ಕುಂಚದಿಂದ ಮೂಡಿದ ಚಿತ್ರಗಳಲ್ಲಿ ಒಂದಾದರೂ ಇಂದು ಉಳಿದಿಲ್ಲ. ಆದರೂ ಅವನು ಕಾಲವಾಗಿ ಹದಿನೆಂಟು ಶತಮಾನಗಳು ಸಂದ ಮೇಲೆ, 1533ರಲ್ಲಿ, ಚಕ್ರವರ್ತಿ ಐದನೆಯ ಚಾರ್ಲ್ಸನು ವೆನಿಸ್ಸಿನ ಟಿಷಿಯನ್ನನನ್ನು ಸನ್ಮಾನಿಸುವಾಗ ಈ ಶತಮಾನದ ಅಪೆಲ್ಲೀಸನೆಂದೇ ಅವನನ್ನು ಕೊಂಡಾಡಿದನು.

ಸಿಕಿಯೋನ್ ನಗರದಲ್ಲಿ ಪಾಂಫಿಲಸನೆಂಬ ಗುರುವಿನ ಬಳಿ ಕಲಿತು ಮ್ಯಾಸಿಡೋನಿಯದ ಅರಸರ ಆಶ್ರಯವನ್ನು ಪಡೆದ ಅಪೆಲ್ಲೀಸನ ಹೊರತು ಅನ್ಯರಾರೂ ತನ್ನ ಚಿತ್ರವನ್ನು ಬರೆಯಕೂಡದೆಂದು ಅಲೆಗ್ಸಾಂಡರನು ಕಟ್ಟಪ್ಪಣೆ ಮಾಡಿದ್ದನೆಂದು ರೋಮಿನ ಗ್ರಂಥಕಾರ ಪ್ಲಿನಿ ಬರೆದಿರುವನು. ಎಫೆಸಸ್ಸಿನ ಆರ್ಟೆಮಿಸ್ ದೇವಾಲಯದಲ್ಲಿದ್ದ ಚಿತ್ರದಲ್ಲಿ, ವಜ್ರಾಯುಧವನ್ನು ಹಿಡಿದ ಅಲೆಗ್ಸಾಂಡರನ ಬೆರಳುಗಳು ಫಲಕದಿಂದ ಈಚೆಗೆ ಚಾಚಿದಂತೆ ತೋರುತ್ತಿದ್ದುವಂತೆ. ಇಂಥ ಭ್ರಮೆಯನ್ನು ಹುಟ್ಟಿಸಲು ಅವನಿಗೆ ಬೇಕಾದುದು ಬಿಳಿ, ಹಳದಿ, ಕೆಂಪು, ಕಪ್ಪು ಎಂಬ ನಾಲ್ಕೇ ಬಣ್ಣಗಳು.

ಪ್ಲಿನಿಯ ಕಥೆಗಳಲ್ಲೆಲ್ಲ ರೋಡ್ಸ್ ದ್ವೀಪದ ಪ್ರಸಂಗವೇ ಸ್ವಾರಸ್ಯವಾದುದು. ಅಲ್ಲಿನ ಚಿತ್ರಕಾರ ಪ್ರೊಟೊಜಿನಿಸನನ್ನು ಕಾಣಲು ಹಡಗಿನಲ್ಲಿ ಬಂದ ಅಪೆಲ್ಲೀಸನು, ಅವನು ಮನೆಯಲ್ಲಿಲ್ಲದಿರಲು, ಬಂದವರಾರೆಂದು ಕೇಳಿದ ಮುದುಕಿಗೆ ಹೆಸರನ್ನು ಹೇಳುವ ಬದಲು, ಸಿದ್ಧವಾಗಿ ನಿಲ್ಲಿಸಿದ್ದ ಬರಿಯ ಫಲಕದ ಮೇಲೆ ಅತಿಸೂಕ್ಷ್ಮವಾದ ಒಂದು ರೇಖೆಯನ್ನೆಳೆದು ಹೊರಟುಹೋದನು. ಮರಳಿ ಬಂದ ಪ್ರೊಟೊಜಿನಿಸನು ಕೈ ಯಾರದೆಂಬುದನ್ನು ಒಡನೆಯೇ ಅರಿತು, ಅದರ ಮೇಲೆಯೇ ಬೇರೊಂದು ಬಣ್ಣದಲ್ಲಿ ಇನ್ನೂ ತೆಳುವಾದ ರೇಖೆಯನ್ನೆಳೆದನು. ಮತ್ತೆ ಬಂದ ಅಪೆಲ್ಲೀಸನು ಮೂರನೆಯ ಬಣ್ಣದಿಂದ ಆ ಎರಡನ್ನೂ ಸೀಳಿ, ನಾಲ್ಕನೆಯದಕ್ಕೆ ಎಡೆಯನ್ನೇ ಉಳಿಸಲಿಲ್ಲ. ಪ್ರೊಟೊಜಿನಿಸನು ಸೋಲನ್ನೊಪ್ಪಿ ಅತಿಥಿಯನ್ನು ಹುಡುಕಿಕೊಂಡು ಬಂದರಿಗೆ ಓಡಿದನು. ಇದು ನಡೆದದ್ದೇ, ಕಟ್ಟಿದ್ದೇ ಎಂದು ಸಂಶಯ ಪಡುವವರು ಪಡಲಿ. ಕಣ್ಣಿಗೆ ಕಾಣದಷ್ಟು ನವುರಾದ ಗೆರೆಗಳ ಹೊರತು ಬೇರೇನೂ ಇಲ್ಲದ ಆ ಫಲಕವು ರೋಮಿನ ಅರಮನೆಯಲ್ಲಿ ಉಳಿದೆಲ್ಲ ಚಿತ್ರಗಳಿಗಿಂತ ಹೆಚ್ಚಿನ ಮನ್ನಣೆಗೆ ಪಾತ್ರವಾಗಿದ್ದು ಕೊನೆಗೆ ಬೆಂಕಿಗೆ ಆಹುತಿಯಾಯಿತು.

ಕಡಲಿನಿಂದ ಮೇಲೇಳುವ ಆಫ್ರೊಡೈಟಿಯ ಚಿತ್ರವನ್ನು ಕೋಸ್ ದ್ವೀಪದಿಂದ ತರಿಸಿಕೊಂಡ ಅಗಸ್ಟಸ್ ಚಕ್ರವರ್ತಿಯು ಅದಕ್ಕೆ ಪ್ರತಿಯಾಗಿ ದ್ವೀಪವಾಸಿಗಳಿಗೆ 100 ಟ್ಯಾಲೆಂಟುಗಳ ಕಪ್ಪವನ್ನು ಮನ್ನಾ ಮಾಡಿದನು. ಮುಂದೆ ಆ ಚಿತ್ರದ ಕೆಳಭಾಗವು ಕೆಡಲು, ಅದನ್ನು ಸರಿಪಡಿಸಬಲ್ಲವನೊಬ್ಬನೂ ದೊರೆಯಲಿಲ್ಲ. ನೀರೋ ಅದರ ಸ್ಥಾನದಲ್ಲಿ ಅನ್ಯನೊಬ್ಬನ ಚಿತ್ರವನ್ನಿರಿಸಿದನು.

ಹೀಗೆ ಚಿತ್ರಗಳು ನಾಶವಾದುವು. ಅವನ್ನು ಕುರಿತ ಮಾತುಗಳು ಬದುಕಿದುವು. ಅಪೆಲ್ಲೀಸನ ‘ಅಪವಾದ’ವೆಂಬ ಚಿತ್ರವನ್ನು ಗ್ರೀಕ್ ಗ್ರಂಥಕಾರ ಲೂಸಿಯನ್ನನು ಬಣ್ಣಿಸಿದ್ದನ್ನು ಆಧರಿಸಿ 15ನೆಯ ಶತಮಾನದ ಕೊನೆಯಲ್ಲಿ ಬಾಟಿಚೆಲ್ಲಿ ಬರೆದ ಚಿತ್ರವು ಫ್ಲಾರೆನ್ಸಿನ ಉಫ್ಫೀಝಿ ಚಿತ್ರಶಾಲೆಯಲ್ಲಿದೆ. ಅಪೆಲ್ಲೀಸನನ್ನು ಕಣ್ಣಾರೆ ಕಾಣಬಯಸುವವರಿಗೆ, ಪರರ ಕೈಯ ಮೂಲಕವೇ ಆದರೂ, ಅದಕ್ಕಿಂತ ಹತ್ತಿರದ ದಾರಿಯನ್ನು ನಾನರಿಯೆ.