ಕುತುಬ್ ಮಿನಾರಿನ ರಿಪೇರಿಗಳು

ದಿಲ್ಲಿಯಲ್ಲಿ ಸಂಸಾರ ಹೂಡಿದವರಿಗೆ, ಊರಿನಿಂದ ಬಂದ ನೆಂಟರನ್ನು ಕುತುಬ್ ಮಿನಾರಿಗೆ ಕರೆದೊಯ್ಯುವುದು ತಪ್ಪದ ಕೆಲಸ. ನಾವೂ ಎಷ್ಟೋ ಸಲ ಹೋಗಿ, ಕತ್ತೆತ್ತಿ ನೋಡಿ, ಹೊರಗೆ ಮರದ ನೆರಳಿನಲ್ಲಿ ಚಿತ್ರಾನ್ನ ತಿಂದು ಬಂದಿದ್ದೇವೆ. ಈ ಗೋಪುರ ಎಷ್ಟು ಸಲ ಮುರಿದು ಎಷ್ಟು ಸಲ ದುರಸ್ತಿಯಾಯಿತೆಂದು ವಿಚಾರಿಸಿದ್ದು ಮಾತ್ರ ಈಚೆಗೆ.

ತೋಮರರ ಲಾಲ್‌ಕೋಟೆಯ ಗೋಡೆಗಳ ಒಳಗೆ 12ನೆಯ ಶತಮಾನದ ಕೊನೆಯಲ್ಲಿ ಕುತುಬುದ್ದೀನ್ ಐಬಕ್ ಇದನ್ನು ಆರಂಭಿಸಿದ. ಅವನ ಕಾಲಕ್ಕೆ ಎದ್ದದ್ದು ಮೊದಲ ಅಂತಸ್ತು. ಮೇಲಿನ ಮೂರನ್ನು ಅಳಿಯ ಇಲ್ತುಮಿಶ್ ಏರಿಸಿದ. 1368ರಲ್ಲಿ ಸಿಡಿಲು ಬಡಿದು ತುದಿ ಹಾಳಾಯಿತು. ಫಿರೋಜ್ ಷಾ ತುಘಲಕ್ ನಾಲ್ಕನೆಯ ಅಂತಸ್ತಿನ ಜಾಗದಲ್ಲಿ ಎರಡನ್ನು ಕಟ್ಟಿಸಿ, ಮೊದಲಿಗಿಂತ ಎತ್ತರ ಮಾಡಿಸಿದೆನೆಂದು ತಾನೇ ಬರೆದುಕೊಂಡ. ಕೆಳಗೆಲ್ಲ ಕೆಂಪುಗಲ್ಲಿದ್ದು ಮೇಲೆ ಬಿಳಿಯ ಅಮೃತಶಿಲೆ ಸೇರಿರುವುದು ಅದಕ್ಕೇ. ನೆಲದಲ್ಲಿ ನಿಂತವರಿಗೂ ತೇಪೆ ಕಾಣುತ್ತದೆ. ಸುಲ್ತಾನನ ಮಾತಿಗಿಂತ ನಮಗೆ ಹಿಡಿಸಿದ್ದು ಬೇರೆ: ಆ ರಿಪೇರಿ ಮಾಡಿದ ಶಿಲ್ಪಿಗಳು, ವಿಶ್ವಕರ್ಮನ ಕೃಪೆಯಿಂದ ಕೆಲಸ ನಡೆಯಿತೆಂದು ನಾಗರಿ ಅಕ್ಷರಗಳಲ್ಲಿ ಕೆತ್ತಿ, ತಮ್ಮ ಹೆಸರುಗಳನ್ನೂ ಸೇರಿಸಿದ್ದಾರೆ. ಆಳಿದವರ ಹೆಸರುಗಳ ನಡುವೆ ದುಡಿದವರದೂ ಉಳಿಯಿತಲ್ಲ!

16ನೆಯ ಶತಮಾನದ ಆರಂಭದಲ್ಲಿ ಸಿಕಂದರ್ ಲೋದಿಯೂ ಒಮ್ಮೆ ದುರಸ್ತಿ ಮಾಡಿಸಿದ. 1803ರ ಭೂಕಂಪದಲ್ಲಿ ತುದಿಯ ಗುಮ್ಮಟ ಉರುಳಿತು. ಆಮೇಲೆ ಬಂದವನು ಕಂಪನಿ ಸರ್ಕಾರದ ಇಂಜಿನಿಯರ್ ಮೇಜರ್ ರಾಬರ್ಟ್ ಸ್ಮಿತ್. 1828ರಲ್ಲಿ ಕೆಲಸ ಮುಗಿಸಿದ. ಗೋಪುರವನ್ನು ಭದ್ರಪಡಿಸಿದ್ದು ಸರಿಯೇ. ಆದರೆ ತಲೆಯ ಮೇಲೆ ಬಂಗಾಳಿ ಮಾದರಿಯ ಛತ್ರಿಯೊಂದನ್ನು ತನಗೆ ತೋಚಿದಂತೆ ಕೂರಿಸಿಬಿಟ್ಟ. ಪೇಟ ಸುತ್ತುವ ಯಜಮಾನರಿಗೆ ಹ್ಯಾಟು ತೊಡಿಸಿದ ಹಾಗೆ! 1848ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನ ಅಪ್ಪಣೆಯಂತೆ ಅದನ್ನು ಕೆಳಗಿಳಿಸಿದರು. ಈಗ ಹುಲ್ಲುಹಾಸಿನ ಮೇಲೆ ಒಂಟಿಯಾಗಿ ಕುಳಿತಿದೆ. ಮಿನಾರಿನ ತಲೆ ಬೋಳಾಗಿಯೇ ಉಳಿಯಿತು. ಇಲ್ಲದ್ದನ್ನು ಊಹಿಸಿ ಕಟ್ಟುವುದಕ್ಕಿಂತ ಬೋಳೇ ವಾಸಿ ಎಂಬುದು ನಮ್ಮ ಮತ.

ಎತ್ತರ 72.5 ಮೀಟರು, ಒಳಗೆ 379 ಮೆಟ್ಟಿಲುಗಳು. ಹಿಂದೆ ಸ್ವಲ್ಪ ದೂರವಾದರೂ ಹತ್ತಲು ಬಿಡುತ್ತಿದ್ದರು. 1981ರ ಡಿಸೆಂಬರ್ 4ರಂದು ಒಳಗಿನ ದೀಪಗಳು ಆರಿ, ಆ ಇಕ್ಕಟ್ಟಿನ ಕತ್ತಲಲ್ಲಿ ನೂಕುನುಗ್ಗಲಾಗಿ 45 ಮಂದಿ ಸತ್ತರು. ಅವರಲ್ಲಿ ಬಹಳಷ್ಟು ಜನ ಶಾಲೆಯಿಂದ ನೋಡಲು ಬಂದಿದ್ದ ಮಕ್ಕಳು. ಅಂದಿನಿಂದ ಬಾಗಿಲಿಗೆ ಬೀಗ. ಗೋಪುರದ ಬಿರುಕಿಗೆ ಕಲ್ಲು ಗಾರೆ ಉಂಟು. ಆ ಮನೆಗಳಿಗೆ ಏನುಂಟು?

ಊರಿನಿಂದ ಬಂದ ಮಕ್ಕಳು, "ಮಾಮಾ, ಮೇಲೆ ಹತ್ತೋಣ" ಎಂದು ಹಟ ಹಿಡಿದಾಗ ನಾವು ಅಷ್ಟೆಲ್ಲ ಹೇಳುವುದಿಲ್ಲ. ಬನ್ನಿ, ಮಿನಾರಿನ ಟೋಪಿ ತೋರಿಸುತ್ತೇವೆ ಎಂದು ಹುಲ್ಲುಹಾಸಿನ ಕಡೆಗೆ ಕರೆದೊಯ್ಯುತ್ತೇವೆ.