ಗ್ಲುಟಮೇಟ್ ತೆರವಿಗೊಂದು ಎರಡನೇ ಕಿಣ್ವ

ಒಂದು ನರಕೋಶ ಇನ್ನೊಂದನ್ನು ಪ್ರಚೋದಿಸುವುದು ಬಹುತೇಕ ಗ್ಲುಟಮೇಟ್ ಎಂಬ ರಾಸಾಯನಿಕದ ಮೂಲಕ. ಕಲಿಕೆ, ನೆನಪು ಎರಡಕ್ಕೂ ಅದು ಬೇಕು. ಆದರೆ ನರಕೋಶಗಳ ನಡುವಿನ ಸಂದಿನಲ್ಲಿ ಅದು ಹೆಚ್ಚು ಹೊತ್ತು ಉಳಿದರೆ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿ ಕೋಶವೇ ಸಾಯುತ್ತದೆ. ಪಾರ್ಶ್ವವಾಯುವಿನಲ್ಲಿ ಮಿದುಳಿಗಾಗುವ ಹಾನಿಗೆ ಇದೂ ಒಂದು ಕಾರಣ. ಹಾಗಾಗಿ ಸಂದೇಶ ಕಳಿಸುವಷ್ಟೇ ದೊಡ್ಡ ಕೆಲಸ ಗ್ಲುಟಮೇಟನ್ನು ತೆರವು ಮಾಡುವುದು. ಈ ತೆರವನ್ನು ಮುಖ್ಯವಾಗಿ ಮಾಡುವವು ನರಕೋಶಗಳ ಪಕ್ಕದಲ್ಲಿರುವ ಆಸ್ಟ್ರೋಸೈಟ್ ಕೋಶಗಳು. ಒಳಗೆಳೆದುಕೊಂಡ ಗ್ಲುಟಮೇಟಿನ ಹೆಚ್ಚಿನ ಪಾಲನ್ನು ಅವು ಗ್ಲುಟಮಿನ್ ಆಗಿಸಿ ನರಕೋಶಕ್ಕೆ ಮರಳಿಸುತ್ತವೆ. ಉಳಿದದ್ದು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಕ್ಕೆ ಹೋಗುತ್ತದೆ. ಅಲ್ಲಿ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಅದನ್ನು ಉರಿಯಬಲ್ಲ ಇಂಧನವಾಗಿ ಮಾರ್ಪಡಿಸುತ್ತದೆ. ಹೆಚ್ಚಿನ ಪಾಲು ಗ್ಲುಟಮಿನ್ ಆಗುವಾಗ ಈ ಕಿಣ್ವಕ್ಕೇಕೆ ಇಷ್ಟು ಮಹತ್ವ ಎಂದು ಕೇಳಬಹುದು. ಉತ್ತರ ಖರ್ಚಿನಲ್ಲಿದೆ. ಒಂದೊಂದು ಗ್ಲುಟಮೇಟ್ ಜೊತೆಗೂ 3 ಸೋಡಿಯಂ ಅಯಾನುಗಳು ಒಳಬರುತ್ತವೆ, ಅವನ್ನು ಹೊರದಬ್ಬಲು ಶಕ್ತಿ ಬೇಕು. ಹೊರಗಿನ ಗ್ಲುಟಮೇಟ್ ಏರಿದಂತೆ ಉರಿಯುವ ಪಾಲೂ ಏರುತ್ತದೆಂದು ಪ್ರಯೋಗಾಲಯದಲ್ಲಿ ಬೆಳೆಸಿದ ಆಸ್ಟ್ರೋಸೈಟ್‌ಗಳು ತೋರಿಸಿವೆ. ತನ್ನ ತೆರವಿನ ಖರ್ಚನ್ನು ಗ್ಲುಟಮೇಟ್ ತಾನೇ ಭರಿಸುತ್ತದೆ.

ಈ ಕಿಣ್ವಕ್ಕೊಂದು ಬ್ರೇಕ್ ಇದೆ: ಶಕ್ತಿ ಸಾಕಷ್ಟಿದ್ದಾಗ ಹೆಚ್ಚುವ ಜಿಟಿಪಿ ಎಂಬ ಅಣು ಅದನ್ನು ತಡೆಯುತ್ತದೆ. ಆ ಬ್ರೇಕ್ ಎಷ್ಟು ಅಗತ್ಯವೆಂಬುದಕ್ಕೆ 1998ರಲ್ಲಿ ಸಾಕ್ಷ್ಯ ಸಿಕ್ಕಿತು. ಈ ಕಿಣ್ವವನ್ನು ರೂಪಿಸುವ ಗ್ಲಡ್1 ಜೀನಿನ ದೋಷದಿಂದ ಜಿಟಿಪಿಗೆ ಬಗ್ಗದ ಕಿಣ್ವವಿರುವ ಮಕ್ಕಳಲ್ಲಿ ಇನ್ಸುಲಿನ್ ಅತಿಯಾಗಿ ಸ್ರವಿಸಿ ರಕ್ತದ ಸಕ್ಕರೆ ಕುಸಿಯುತ್ತದೆ, ಅಮೋನಿಯ ಏರುತ್ತದೆ. ಆದರೂ ನಮ್ಮ ಪೂರ್ವಜರ ವಂಶದಲ್ಲಿ ಬ್ರೇಕಿಲ್ಲದ ಕಿಣ್ವವೊಂದು ಉಳಿದು ಬಂದಿದೆ. ಸುಮಾರು 2 ಕೋಟಿ ವರ್ಷಗಳ ಹಿಂದೆ, ವಾನರರ ಪೂರ್ವಜರಲ್ಲಿ, ಗ್ಲಡ್1ರ ಆರ್‌ಎನ್‌ಎ ಪ್ರತಿ ಡಿಎನ್‌ಎಯಾಗಿ ಎಕ್ಸ್ ವರ್ಣತಂತುವಿಗೆ ಸೇರಿ ಗ್ಲಡ್2 ಆಯಿತು. ಇದರ ಕಿಣ್ವಕ್ಕೆ ಜಿಟಿಪಿಯ ಹಂಗಿಲ್ಲ, ಶಕ್ತಿ ಕುಗ್ಗಿದಾಗ ಹೆಚ್ಚುವ ಎಡಿಪಿ ಎಂಬ ಅಣು ಇದನ್ನು ಚುರುಕುಗೊಳಿಸುತ್ತದೆ. ಮೂಲ ಜೀನ್ ತನ್ನ ಬ್ರೇಕಿನೊಂದಿಗೆ ಉಳಿದದ್ದರಿಂದಲೇ ಪ್ರತಿಗೆ ಬದಲಾಗುವ ಸ್ವಾತಂತ್ರ್ಯ ಸಿಕ್ಕಿತು ಎಂಬುದು ನನ್ನ ವಾದ.

ಗ್ಲಡ್2 ಜೀನನ್ನು ಮನುಷ್ಯನ ಬುದ್ಧಿವಂತಿಕೆಯ ಗುಟ್ಟು ಎನ್ನುವವರಿದ್ದಾರೆ. ನಾನು ಒಪ್ಪಲಾರೆ: ಗಿಬ್ಬನ್‌ಗೂ ಈ ಜೀನ್ ಇದೆ, ಇಲಿಗಳು ಇದಿಲ್ಲದೆಯೇ ಕಲಿಯುತ್ತವೆ. ಹಾಗೆಂದು ಇದನ್ನು ಬರೀ ಆಕಸ್ಮಿಕ ಎಂದು ತಳ್ಳಿಹಾಕುವುದೂ ಸರಿಯಲ್ಲ. ಕಿಣ್ವದ ವೇಗ ಬದಲಾದರೆ ಪರಿಣಾಮ ಕಾಣುತ್ತದೆ. ಗ್ಲಡ್2ರ ಇನ್ನಷ್ಟು ಚುರುಕಾದ ಅಪರೂಪದ ರೂಪವೊಂದನ್ನು ಹೊತ್ತ ಪಾರ್ಕಿನ್ಸನ್ ರೋಗಿಗಳಲ್ಲಿ, ಒಂದೇ ಎಕ್ಸ್ ವರ್ಣತಂತುವಿರುವ ಗಂಡಸರಿಗೆ ರೋಗ ವರ್ಷಗಟ್ಟಲೆ ಮೊದಲೇ ಬಂದಿತ್ತೆಂದು 2010ರ ಅಧ್ಯಯನ ತೋರಿಸಿತು. ಇನ್ನೊಂದು ಎಕ್ಸ್‌ನಲ್ಲಿ ಸಾಮಾನ್ಯ ರೂಪವಿದ್ದ ಹೆಂಗಸರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಈ ಚುರುಕು ರೂಪದ ಕಿಣ್ವವನ್ನು ಈಸ್ಟ್ರೋಜನ್ ಬಲವಾಗಿ ತಡೆಯುತ್ತದೆ ಎಂಬುದೂ ಗೊತ್ತಾಗಿದೆ, ಹೆಂಗಸರಲ್ಲಿ ವ್ಯತ್ಯಾಸ ಕಾಣದಿರಲು ಅದೂ ಕಾರಣವಿರಬಹುದು.