ಊರ ಹಳ್ಳವೂ ಪಠ್ಯವಾಗಲಿ

ಪದವಿ ತರಗತಿಗಳಲ್ಲಿ ಅತ್ಯಂತ ಅನಾದರಕ್ಕೆ ಗುರಿಯಾದ ವಿಷಯ ಯಾವುದೆಂದು ಯಾವ ವಿದ್ಯಾರ್ಥಿಯನ್ನು ಕೇಳಿದರೂ ತಡವರಿಸದೆ ಉತ್ತರ ಬರುತ್ತದೆ: ಪರಿಸರ ಅಧ್ಯಯನ. ಕಲೆ, ವಾಣಿಜ್ಯ, ವಿಜ್ಞಾನ ಎನ್ನದೆ ಎಲ್ಲರೂ ಓದಲೇಬೇಕಾದ, ಆದರೆ ಹೆಚ್ಚಿನವರು ಓದದೆಯೇ ದಾಟುವ ಪತ್ರಿಕೆ ಅದು. ಪರೀಕ್ಷೆಗೆ ವಾರವಿರುವಾಗ ಝೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತು ಪ್ರಶ್ನೆಗಳ ಕಟ್ಟು ಸಿಗುತ್ತದೆ. ಓಝೋನ್ ಪದರ, ಆಮ್ಲಮಳೆ, ಅಮೆಜಾನ್ ಕಾಡು ಎಲ್ಲವೂ ಅದರಲ್ಲಿವೆ. ಇಲ್ಲದಿರುವುದು ಓದುವವರ ಊರು ಮಾತ್ರ.

ಬೈಲಹೊಂಗಲ–ಸವದತ್ತಿ ಸೀಮೆಯ ಪದವಿ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಬೋಧಿಸುತ್ತಿದ್ದವನು. ಯಾರ ವೇಳಾಪಟ್ಟಿಯಲ್ಲಿ ಎರಡು ತಾಸು ಖಾಲಿ ಇದೆಯೋ ಅವರ ತಲೆಗೆ ಈ ಪತ್ರಿಕೆಯನ್ನು ಕಟ್ಟುವುದು ಕಾಲೇಜುಗಳ ರೂಢಿ. ಹಾಗೆ ಅದು ನನ್ನ ಪಾಲಿಗೂ ಬಂತು. ಮುರಗೋಡ ಮತ್ತು ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರೇ ಎದುರಿಗೆ ಕುಳಿತವರು. ಅವರಲ್ಲಿ ಅನೇಕರು ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು.

ಈ ಪತ್ರಿಕೆ ಪಠ್ಯಕ್ರಮದೊಳಕ್ಕೆ ಬಂದದ್ದು ವಿಶ್ವವಿದ್ಯಾಲಯಗಳ ಔದಾರ್ಯದಿಂದಲ್ಲ, ನ್ಯಾಯಾಲಯದ ಆದೇಶದಿಂದ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸುವಂತೆ ಸೂಚಿಸಿತು. ಹನ್ನೆರಡು ವರ್ಷ ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿದಾಗ 2003ರಲ್ಲಿ ನ್ಯಾಯಾಲಯ ಮತ್ತೆ ಚಾಟಿ ಬೀಸಬೇಕಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗ ಸಿದ್ಧಪಡಿಸಿದ ಪಠ್ಯಕ್ರಮದಲ್ಲಿ ಒಟ್ಟು 50 ಉಪನ್ಯಾಸ, ಎಂಟು ಘಟಕ; ಆಯೋಗಕ್ಕಾಗಿ ಪಠ್ಯಪುಸ್ತಕ ಬರೆದವರು ಎರಾಕ್ ಭರೂಚಾ. ಎಂಟನೆಯ ಘಟಕವನ್ನು ಯಾರೂ ಗಮನಿಸಲಿಲ್ಲ ಎಂಬುದೇ ನನ್ನ ತಕರಾರು. ಅದು ಕ್ಷೇತ್ರಕಾರ್ಯ. ಸಮೀಪದ ನದಿಯನ್ನೋ ಗುಡ್ಡವನ್ನೋ ನೋಡಿ ದಾಖಲಿಸುವುದು, ಕೆಟ್ಟುಹೋದ ಜಾಗವೊಂದಕ್ಕೆ ಭೇಟಿ ಕೊಡುವುದು, ಸಾಮಾನ್ಯ ಗಿಡ, ಕೀಟ, ಹಕ್ಕಿಗಳನ್ನು ಗುರುತಿಸುವುದು, ಕೆರೆಯ ಬದುಕನ್ನು ಅಭ್ಯಸಿಸುವುದು ಇವಿಷ್ಟೂ ಅದರಲ್ಲಿದ್ದವು. ನೂರರಲ್ಲಿ 25 ಅಂಕ ಅದಕ್ಕೇ ಮೀಸಲು. ಆ ಅಂಕಗಳನ್ನು ನಾವು ಹಂಚಿದ್ದು ಮಾತ್ರ ಬಣ್ಣದ ರಟ್ಟು ಹಾಕಿದ, ಹಿಂದಿನ ವರ್ಷದವರಿಂದ ನಕಲು ಮಾಡಿದ ‘ಪ್ರಾಜೆಕ್ಟ್’ಗಳಿಗೆ.

ಮುರಗೋಡದಂಥ ಊರಿನಲ್ಲಿ ಕುಳಿತು ಈ ಪತ್ರಿಕೆಯನ್ನು ಹೊರಗಿನ ಉದಾಹರಣೆಗಳಿಂದ ಕಲಿಸುವುದು ಮನೆಯ ಹಗೇವಿನಲ್ಲಿ ಜೋಳ ಇಟ್ಟುಕೊಂಡು ಸಂತೆಯಲ್ಲಿ ಕಡ ಕೇಳಿದಂತೆ. ಚಿದಂಬರ ದೀಕ್ಷಿತರ ಹೆಸರಿನೊಂದಿಗೆ ಬೆಸೆದುಕೊಂಡ ಈ ಊರಿನಿಂದ ಬಸ್ಸಿನ ದಾರಿಯಲ್ಲಿಯೇ ಮಲಪ್ರಭೆ ಸಿಗುತ್ತಾಳೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿ ಮುನವಳ್ಳಿಯ ಬಳಿ ಗುಡ್ಡಗಳ ಕಿರಿದಾದ ಕಂಡಿಯಲ್ಲಿ ನುಸುಳುತ್ತದೆ. ನವಿಲುತೀರ್ಥದ ಅಣೆಕಟ್ಟು ನಿಂತಿರುವುದು ಅಲ್ಲಿಯೇ. ಅಣೆಕಟ್ಟು ಎಂಬ ಒಂದೇ ಮಾತಿನಲ್ಲಿ ಪಠ್ಯಕ್ರಮದ ಅರ್ಧ ಭಾಗ ಅಡಗಿದೆ. ಯಾರ ಹೊಲ ಮುಳುಗಿತು, ಯಾರ ಹೊಲಕ್ಕೆ ನೀರು ಹರಿಯಿತು, ಆ ನೀರಿಗೆ ಬೆಲೆ ಕಟ್ಟಿದವರು ಯಾರು? ಕೊನೆಯ ಪ್ರಶ್ನೆಯೇ 1980ರ ಜುಲೈನಲ್ಲಿ ನರಗುಂದ–ನವಲಗುಂದಗಳಲ್ಲಿ ಸ್ಫೋಟಿಸಿತು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ಎದ್ದ ಆ ಬಂಡಾಯ, ಅದರ ಮೇಲೆ ನಡೆದ ಗೋಲಿಬಾರು ರಾಜ್ಯದ ರೈತ ಚಳವಳಿಯ ದಿಕ್ಕನ್ನೇ ಬದಲಿಸಿತು. ‘ಸಾಮಾಜಿಕ ಸಮಸ್ಯೆಗಳು ಮತ್ತು ಪರಿಸರ’ ಎಂಬ ಘಟಕಕ್ಕೆ ಇದಕ್ಕಿಂತ ಉತ್ತಮ ಪಾಠ ಬೇಕೇ? ನನ್ನ ತರಗತಿಯಲ್ಲಿ ಅದರ ಹೆಸರು ಕೇಳಿದ್ದವರು ಬೆರಳೆಣಿಕೆಯಷ್ಟು.

ಅದೇ ನದಿಗೆ ಮಹದಾಯಿಯ ನೀರು ತಿರುಗಿಸುವ ಕಳಸಾ–ಬಂಡೂರಿ ಕಥೆಯೂ ಇದೆ. ನ್ಯಾಯಮಂಡಳಿ ರಚನೆಯಾದದ್ದು 2010ರಲ್ಲಿ, ತೀರ್ಪು ಬಂದದ್ದು 2018ರ ಆಗಸ್ಟ್‌ನಲ್ಲಿ. ಕರ್ನಾಟಕಕ್ಕೆ ದೊರೆತ 13.42 ಟಿಎಂಸಿ ಅಡಿಯಲ್ಲಿ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಮಾತ್ರ, ಹೆಚ್ಚಿನ ಪಾಲು ಜಲವಿದ್ಯುತ್ತಿಗೆ. ನೀರು ಬೇಕೆಂಬ ಬಯಲುಸೀಮೆಯ ಕೂಗು ನ್ಯಾಯವಾದದ್ದೇ. ಕಾಡು ಉಳಿಯಬೇಕೆಂಬ ಖಾನಾಪುರದ ಆತಂಕವೂ ಸುಳ್ಳಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಇಪ್ಪತ್ತರ ವಯಸ್ಸಿನವರು ವಾದಿಸುವಂತಾದರೆ ಅದೇ ಉನ್ನತ ಶಿಕ್ಷಣ. ನೀರಿಲ್ಲವೆಂದು ಬೀದಿಗಿಳಿದ ಇದೇ ಕಣಿವೆಯಲ್ಲಿ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗ ಭಾಗದ ನದಿದಂಡೆಯ ಮನೆಗಳು ನೀರಿನಲ್ಲಿ ನಿಂತವು. 2023ರಲ್ಲಿ ಮತ್ತೆ ಬರ. ನಾಲ್ಕು ವರ್ಷದ ಅಂತರದಲ್ಲಿ ಎರಡನ್ನೂ ಕಂಡ ಮಕ್ಕಳಿಗೆ ಹವಾಮಾನ ವೈಪರೀತ್ಯದ ವ್ಯಾಖ್ಯೆಯನ್ನು ನಾವು ಉಕ್ತಲೇಖನ ಬರೆಸುತ್ತಿದ್ದೇವೆ.

ಉಕ್ತಲೇಖನದ ಮಾತು ಬಂದದ್ದರಿಂದ ಇನ್ನೊಂದು ವಿಷಯಕ್ಕೆ ಹೊರಳುತ್ತೇನೆ. ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1970ರ ವಿದ್ಯಾರ್ಥಿ ಗಲಭೆಯ ನಂತರ, 1972ರಲ್ಲಿ, ಹೊಸದಾಗಿ ಸೇರಿದವರಿಗೆ ಕಾಲೇಜೆಂದರೇನು, ಅಲ್ಲಿ ಓದುವುದು ಹೇಗೆ ಎಂದು ಕಲಿಸುವ ಪ್ರತ್ಯೇಕ ಕೋರ್ಸ್ ಆರಂಭವಾಯಿತು. ಮುಂದೆ ಅನೇಕ ವಿಶ್ವವಿದ್ಯಾಲಯಗಳಿಗೆ ಅದು ಮಾದರಿಯಾಯಿತು. ಟಿಪ್ಪಣಿ ಮಾಡಿಕೊಳ್ಳುವ ಬಗೆ, ಪ್ರಶ್ನೆ ಇಟ್ಟುಕೊಂಡು ಓದುವ ಬಗೆ ಇವೆಲ್ಲ ತಾನಾಗಿ ಬರುವುದಿಲ್ಲ, ಕಲಿಸಬೇಕು ಎಂಬ ತಿಳಿವಳಿಕೆ ಅದರ ಹಿಂದಿದೆ. ನಮ್ಮಲ್ಲೂ 2021ರ ಪಠ್ಯಕ್ರಮದಲ್ಲಿ ‘ಡಿಜಿಟಲ್ ಫ್ಲುಯೆನ್ಸಿ’ಯಂಥ ಕೌಶಲ ಪತ್ರಿಕೆಗಳು ಬಂದವು, 2024ರಲ್ಲಿ ನಾಲ್ಕು ವರ್ಷದ ಪದವಿ ಮತ್ತೆ ಮೂರಕ್ಕೆ ಇಳಿದಾಗ ಚೌಕಟ್ಟೂ ಬದಲಾಯಿತು. ಹೆಸರು ಯಾವುದಿದ್ದರೇನು, ಕೌಶಲವನ್ನೂ ನಾವು ಕಲಿಸಿದ್ದು ಪ್ರಶ್ನೋತ್ತರದ ಮೂಲಕವೇ. ಈಜುವುದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ಹಾಗೆ!

ನನ್ನ ವಾದವಿಷ್ಟೆ: ಅಧ್ಯಯನ ಕೌಶಲಕ್ಕೆ ಬೇರೆ ಪತ್ರಿಕೆ ಬೇಕಿಲ್ಲ. ಪರಿಸರ ಪತ್ರಿಕೆಯ ಆ 25 ಅಂಕಗಳೇ ಅದರ ಪ್ರಯೋಗಶಾಲೆ.

ಒಂದು ವರ್ಷ ನಾನು ಪ್ರಾಜೆಕ್ಟಿನ ರಟ್ಟುಗಳನ್ನು ಒಪ್ಪುವುದಿಲ್ಲವೆಂದು ಹೇಳಿ ಒಂದೇ ಕೆಲಸ ಕೊಟ್ಟೆ. ನಿಮ್ಮ ಓಣಿಯಲ್ಲಿ ಎಷ್ಟು ಬಾವಿಗಳಿದ್ದವು, ಯಾವುದರ ನೀರು ಯಾವಾಗ ನಿಂತಿತು, ಹಿರಿಯರನ್ನು ಕೇಳಿ ಬರೆಯಿರಿ. ಹೆಚ್ಚಿನವರು ಅರ್ಧ ಪುಟ ಬರೆದರು. ಹುಡುಗಿಯೊಬ್ಬಳು ಮಾತ್ರ ಗೊಂದಲದ ಮುಖ ಹೊತ್ತು ಬಂದಳು. ಒಂದೇ ಬಾವಿಯ ಬಗ್ಗೆ ಮೂವರು ಹಿರಿಯರು ಮೂರು ಬೇರೆ ವರ್ಷ ಹೇಳಿದ್ದರು. “ಯಾವುದು ಖರೇ ಅಂತ ಬರೀಲಿರೀ ಸರ?” ಎಂದಳು. ಮೂರನ್ನೂ ಬರೆ, ಯಾರು ಹೇಳಿದರೆಂದೂ ಬರೆ ಎಂದೆ. ಎರಡು ವಾರದ ನಂತರ ಆಕೆ ತಂದ ಹಾಳೆಗಳಲ್ಲಿ ಉತ್ತರವಿತ್ತು. ಅಜ್ಜಿ ಹೇಳಿದ್ದು ಕುಡಿಯಲು ಸೇದುವುದು ನಿಂತ ವರ್ಷ, ಕಾಕಾ ಹೇಳಿದ್ದು ಪಕ್ಕದ ಹೊಲದಲ್ಲಿ ಬೋರು ಕೊರೆದ ವರ್ಷ, ಮೂರನೆಯವರು ಹೇಳಿದ್ದು ತಳ ಕಂಡ ವರ್ಷ. ಮೂವರೂ ಸುಳ್ಳಾಡಿರಲಿಲ್ಲ. ಆಧಾರಗಳನ್ನು ಒರೆಗೆ ಹಚ್ಚುವುದೆಂದರೇನು ಎಂಬುದನ್ನು ಎಂ.ಎ. ತರಗತಿಯಲ್ಲಿಯೂ ಅಷ್ಟು ಚೆನ್ನಾಗಿ ಕಲಿಯುವವರು ಕಡಿಮೆ.

ಆ ಹುಡುಗಿಯ ಮದುವೆ ಪದವಿಯ ಕೊನೆಯ ಪರೀಕ್ಷೆಗೆ ಮೊದಲೇ ನಿಶ್ಚಯವಾಗಿತ್ತು. 2023ರ ಜೂನ್‌ನಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದದ್ದು ಹಳ್ಳಿಯ ಹೆಣ್ಣುಮಕ್ಕಳನ್ನು ಕಾಲೇಜಿನ ಬಾಗಿಲವರೆಗೆ ಖರ್ಚಿಲ್ಲದೆ ತಂದಿದೆ. ಒಳಗೆ ಸಿಗುವುದು ಮೂರು ವರ್ಷ. ಕೇಳುವುದು, ಅಳೆಯುವುದು, ಬರೆಯುವುದು, ತನ್ನ ಮಾತನ್ನು ನಾಲ್ಕು ಜನರೆದುರು ನಿಲ್ಲಿಸುವುದು ಆ ಅವಧಿಯಲ್ಲಿ ಕೈಗೆ ಬರದಿದ್ದರೆ ಅನೇಕರಿಗೆ ಮತ್ತೆ ಅವಕಾಶವೇ ಇಲ್ಲ.

ಅಡ್ಡಿಗಳಿಲ್ಲವೆಂದು ನಾನು ಹೇಳಲಾರೆ. ತರಗತಿಯಲ್ಲಿ ಎಂಬತ್ತು ಜನ, ಸೆಮಿಸ್ಟರಿನ ದಿನಗಳು ಕಡಿಮೆ, ಪಾಠ ಮಾಡುವವರು ಮುಂದಿನ ವರ್ಷ ತಾವೇ ಇರುತ್ತೇವೆಯೋ ಎಂದು ತಿಳಿಯದ ಅತಿಥಿ ಉಪನ್ಯಾಸಕರು. ಹುಡುಗಿಯರನ್ನು ಹೊರಗೆ ಕರೆದೊಯ್ದರೆ ಹೊಣೆ ಯಾರದೆಂಬ ಪ್ರಾಚಾರ್ಯರ ಪ್ರಶ್ನೆಯೂ ಸಹಜವೇ. ಆದರೆ ಎಲ್ಲಿಗೂ ಕರೆದೊಯ್ಯಬೇಕಿಲ್ಲ. ಅವರು ದಿನವೂ ಬರುವುದು ಹೊರಗಿನಿಂದಲೇ ಅಲ್ಲವೇ? ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಬಿಳಿಜೋಳ ಎಷ್ಟು ಎಕರೆ, ಅದರ ಜಾಗಕ್ಕೆ ಬಂದ ಕಬ್ಬು ಎಷ್ಟು ಎಂದು ಗುರುತು ಹಾಕಿಕೊಳ್ಳಬಹುದು. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರು ಜಾತ್ರೆಯ ಮರುದಿನ ಉಳಿಯುವ ಪ್ಲಾಸ್ಟಿಕ್ಕಿನ ಬಗ್ಗೆ ಎರಡು ಪುಟ ಬರೆಯಬಹುದು. ಅನುದಾನ ಆಯೋಗ 2023ರಲ್ಲಿ ಹೊರಡಿಸಿದ ಪರಿಸರ ಶಿಕ್ಷಣದ ಮಾರ್ಗಸೂಚಿಯಲ್ಲಿಯೂ ಕ್ಷೇತ್ರಕಾರ್ಯಕ್ಕೆ ಸ್ಥಾನವಿದೆ. ಹೊಸ ಆದೇಶಕ್ಕಾಗಿ ಕಾಯುವ ಕಾರಣವಿಲ್ಲ.

ಬೇಕಾದದ್ದು ಇನ್ನೊಂದು ಇದೆ. ವಿದ್ಯಾರ್ಥಿಗಳು ಬರೆದು ಕೊಟ್ಟ ಹಾಳೆಗಳು ಅಂಕ ನಮೂದಾದ ಒಂದೆರಡು ವರ್ಷದಲ್ಲಿ ರದ್ದಿಗೆ ಹೋಗುತ್ತವೆ. ಆ ಬಾವಿಗಳ ಪಟ್ಟಿಯೂ ಹಾಗೆಯೇ ಹೋಯಿತು. ಊರೂರಿನ ಹೆಸರು ಬರೆದ ಕಟ್ಟುಗಳಲ್ಲಿ ಅವನ್ನು ಗ್ರಂಥಾಲಯದಲ್ಲಿ ಇಟ್ಟರೆ ಮುಂದಿನ ವರ್ಷ ಮುರಗೋಡದಿಂದ ಬರುವ ವಿದ್ಯಾರ್ಥಿ ಹಿಂದಿನವಳು ಬಿಟ್ಟ ಬಾವಿಯಿಂದ ಆರಂಭಿಸಬಹುದು. ಹತ್ತು ವರ್ಷಕ್ಕೆ ಒಂದು ಸೀಮೆಯ ನೀರಿನ ಚರಿತ್ರೆಯೇ ಸಿದ್ಧವಾಗುತ್ತದೆ. ಅದಕ್ಕೆ ತಗಲುವ ವೆಚ್ಚ ಒಂದು ಕಬ್ಬಿಣದ ಕಪಾಟು, ಒಂದು ಕೀಲಿ.